ಸುದ್ದಿ ಮುಗಿದ ಮೇಲಿನ ನಾಲ್ಕು ಸೆಕೆಂಡು

ಅಮ್ಮ ಹನ್ನೊಂದು ವರ್ಷ ಟಿವಿಯಲ್ಲಿ ಬಂದಳು. ಅಷ್ಟೂ ವರ್ಷದಲ್ಲಿ ಅಲ್ಲಿ ಒಂದು ಮಾತನ್ನೂ ಬಾಯಿಬಿಟ್ಟು ಆಡಲಿಲ್ಲ. ಭಾನುವಾರ ಸಂಜೆ ಕಿವಿ ಕೇಳದವರಿಗಾಗಿ ಹತ್ತು ನಿಮಿಷದ ಸುದ್ದಿ ಇರುತ್ತಿತ್ತು. ಎಡಗಡೆ ಕುಳಿತವರು ಓದುತ್ತಿದ್ದರು, ಬಲಗಡೆ ಕಪ್ಪು ಅಂಗಿ ತೊಟ್ಟು ನಿಂತ ಅಮ್ಮ ಅದನ್ನೇ ಕೈಸನ್ನೆಯಲ್ಲಿ ಹೇಳುತ್ತಿದ್ದಳು. ದೊಡ್ಡ ಮಗಳಿಗೆ ಕಿವಿ ಕೇಳದು ಎಂದು ತಿಳಿದ ದಿನದಿಂದ ಹಟ ಹಿಡಿದು ಕಲಿತ ಭಾಷೆ ಅದು. ಅಪ್ಪ ಒಂದು ವಾರವೂ ತಪ್ಪಿಸದೆ ಸುದ್ದಿಯನ್ನು ಟೇಪಿಗೆ ಹಿಡಿದಿಡುತ್ತಿದ್ದ.

ಮೊದಲು ಅಪ್ಪ ಹೋದ, ಎರಡು ವರ್ಷಕ್ಕೆ ಅಮ್ಮನೂ ಹೋದಳು. ಮೂವತ್ತೊಂದು ಟೇಪುಗಳ ಪೆಟ್ಟಿಗೆ ಕಿರಿಯ ಮಗಳ, ಅಂದರೆ ತಂಗಿಯ ಪಾಲಿಗೆ ಬಂತು.

ತಂಗಿಗೆ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಕೆಲಸ. ಕೋಟಿನ ಮೇಲಿನ ಎಣ್ಣೆ ಕಲೆ, ಅಂಗಿಯ ಕಾಲರಿನ ಕೊಳೆ, ಏನಿದ್ದರೂ ಅವಳ ಕೈಗೆ ಬಂದರೆ ಮುಗಿಯಿತು. ಮನೆಯ ಹಿಂದಿನ ಕೋಣೆಯಲ್ಲಿ ಹಳೆಯ ವಿಸಿಆರಿನಿಂದ ಒಂದು ಪುಟ್ಟ ಡಬ್ಬಿಗೆ, ಡಬ್ಬಿಯಿಂದ ಕಂಪ್ಯೂಟರಿಗೆ ವೈರು ಎಳೆದು ಮೊದಲ ಟೇಪು ಹಾಕಿದಳು. ಪರದೆಯ ಮೇಲೆ ಅಮ್ಮನ ಮುಖ ಕಂಡಿತು. ಆದರೆ ಅಮ್ಮ ಕೈ ಎತ್ತಿದ ಕೂಡಲೇ ಬೆರಳುಗಳ ಅಂಚೆಲ್ಲ ಬಾಚಣಿಗೆಯ ಹಲ್ಲಿನಂತೆ ಅಡ್ಡಡ್ಡ ಸೀಳಿಹೋಯಿತು. ಕೈ ಇಳಿಸಿದರೆ ಸರಿ, ಎತ್ತಿದರೆ ಮತ್ತೆ ಗೆರೆ.

ಅಪ್ಪನ ಕಾಲದಿಂದ ಮನೆಯ ಟಿವಿ ನೋಡಿಕೊಳ್ಳುತ್ತಿದ್ದ ರಿಪೇರಿ ಮಾಮನಿಗೆ ಫೋನು ಮಾಡಿದಳು.

"ಅದು ಹಾಳಾಗಿರೋದಲ್ಲ ಕಣಮ್ಮ," ಎಂದ ಮಾಮ. "ಟಿವಿ ಚಿತ್ರ ಎರಡು ಕಂತಲ್ಲಿ ಬರುತ್ತೆ. ಮೊದಲು ಒಂದು ಬಿಟ್ಟು ಒಂದು ಗೆರೆ, ಆಮೇಲೆ ನಡುವೆ ಬಿಟ್ಟಿದ್ದು. ಅಷ್ಟರಲ್ಲಿ ಕೈ ಚೂರು ಮುಂದೆ ಹೋಗಿರುತ್ತಲ್ಲ? ನಿನ್ನ ಕಂಪ್ಯೂಟರು ಎರಡನ್ನೂ ಒಟ್ಟಿಗೆ ತೋರಿಸ್ತಿದೆ, ಅಷ್ಟೇ."

"ತೆಗೆಯೋದು ಹೇಗೆ ಮಾಮ?"

"ಈಗ ತೆಗೀಲೇಬೇಡ. ಗೆರೆ ಇದ್ದ ಹಾಗೇ ಉಳಿಸ್ಕೋ. ಬಿಡಿಸೋದು ಆಮೇಲೆ. ನಾನೊಂದಿನ ಬಂದು ತೋರಿಸಿಕೊಡ್ತೀನಿ."

ಮಾಮನಿಗೆ ಮಂಡಿನೋವು. ಎರಡು ವಾರ ಕಳೆದರೂ ಬರಲಿಲ್ಲ. ತಂಗಿಗೋ ಆ ಗೆರೆಗಳು ಕಣ್ಣಿಗೆ ಬಿದ್ದಾಗಲೆಲ್ಲ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಕಂಪ್ಯೂಟರಿನಲ್ಲಿ ತಡಕಾಡಿದಾಗ ಎರಡು ಕಂತನ್ನೂ ಕಲಸಿ ಒಂದು ಮಾಡುವ ಗುಂಡಿ ಸಿಕ್ಕಿತು. ಒತ್ತಿದಳು. ಗೆರೆಗಳು ಮಾಯ. ಅಮ್ಮನ ಮುಖ ಇಸ್ತ್ರಿ ಮಾಡಿದ ಹಾಗೆ ಬಂತು. ಅವಳು ನೋಡಿದ್ದು ಮುಖವನ್ನು ಮಾತ್ರ.

ನಾಲ್ಕು ತಿಂಗಳು ಕೂತು ಮೂವತ್ತೊಂದು ಟೇಪನ್ನೂ ಹಾಗೇ ಇಳಿಸಿದಳು. ಟೇಪುಗಳಿಗೆ ಬೂಷ್ಟು ಹಿಡಿದಿತ್ತು. ಕೆಲಸ ಮುಗಿದ ಮರುದಿನ ಪೆಟ್ಟಿಗೆಯನ್ನು ತಾನೇ ಹೊತ್ತು ತಂದು ಗುಜರಿಯ ಗಾಡಿಗೆ ಹಾಕಿ ಕೈ ಕೊಡವಿಕೊಂಡಳು.

ಅಕ್ಕ ಬೇರೆ ಊರಿನಲ್ಲಿ ಕನ್ನಡಕದ ಗಾಜು ಉಜ್ಜುವ ಕೆಲಸದಲ್ಲಿದ್ದಳು. ನಾಲ್ಕು ದಿನ ರಜೆ ಹಾಕಿ ಬಂದವಳು ಚೀಲವನ್ನೂ ಬಿಚ್ಚದೆ ಕಂಪ್ಯೂಟರಿನ ಮುಂದೆ ಕುಳಿತಳು. ಅಮ್ಮ ಕಾಣಿಸಿದೊಡನೆ ಮುಖ ಅರಳಿತು. ಸ್ವಲ್ಪ ಹೊತ್ತಿಗೆ ಹುಬ್ಬು ಗಂಟಿಕ್ಕಿತು. ಕುರ್ಚಿ ಮುಂದಕ್ಕೆಳೆದು ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು.

"ಅಮ್ಮನ ಬೆರಳೆಲ್ಲಿ?" ಎಂದು ಕೈಯಲ್ಲಿ ಕೇಳಿದಳು.

ತಂಗಿ ಆಗಲೇ ಮೊದಲ ಸಲ ಕೈಗಳನ್ನು ಸರಿಯಾಗಿ ನೋಡಿದ್ದು. ಬೆರಳಿದ್ದ ಕಡೆ ಹೊಗೆಯಂಥದ್ದೇನೋ ಅಲೆದಾಡುತ್ತಿತ್ತು. ಒಂದು ಕೈಯ ಮೇಲೆ ಇನ್ನೊಂದು ಕೈಯ ನೆರಳು, ಯಾವ ಬೆರಳು ಮಡಚಿದೆ, ಯಾವುದು ನೆಟ್ಟಗಿದೆ ಎಂದು ತಿಳಿಯುವಂತಿರಲಿಲ್ಲ.

"ಸುದ್ದಿ ಏನು ಅಂತ ನಾನು ಬರೆದು ಕೊಡ್ತೀನಿ, ಓದೋರ ದನಿ ಕೇಳುತ್ತಲ್ಲ," ಎಂದು ತಂಗಿ ತನ್ನ ಒಡಕು ಸನ್ನೆಯಲ್ಲಿ ಹೇಳಿದಳು. ಅವಳು ಆ ಭಾಷೆಯನ್ನು ಊಟ ಆಯ್ತಾ, ಬಾಗಿಲು ಹಾಕು ಎನ್ನುವಷ್ಟಕ್ಕೆ ಕಲಿತು ನಿಲ್ಲಿಸಿದ್ದಳು.

ಅಕ್ಕ ಬೇಡವೆಂದು ತಲೆಯಾಡಿಸಿದಳು. ಸುದ್ದಿಯ ಕೊನೆಗೆ ಓಡಿಸಿದಳು. ಓದುವವರು ನಮಸ್ಕಾರ ಹೇಳಿ ಕಾಗದ ಜೋಡಿಸಿಕೊಳ್ಳುತ್ತಿದ್ದರು. ಅಮ್ಮನ ಕೈ ಮಾತ್ರ ಇನ್ನೂ ಆಡುತ್ತಿತ್ತು, ಮೂರು ನಾಲ್ಕು ಸೆಕೆಂಡು. ಚಿಕ್ಕವಳಿದ್ದಾಗ ಮನೆಯ ಟಿವಿಯಲ್ಲಿ ಅದೆಷ್ಟೋ ಭಾನುವಾರ ಇದನ್ನು ನೋಡಿದ್ದ ತಂಗಿ, ಅಮ್ಮ ಕೈ ಸಡಿಲಿಸಿಕೊಳ್ಳುತ್ತಾಳೆ ಎಂದುಕೊಂಡಿದ್ದಳು.

ಅಕ್ಕ ಫೋನಿನಲ್ಲಿ ಟೈಪು ಮಾಡಿ ತೋರಿಸಿದಳು: "ಇದು ನನಗೆ. ಶಾಲೆಯ ಹಾಸ್ಟೆಲಿನಲ್ಲಿ ಟಿವಿ ಮುಂದೆ ಕಾದಿರ್ತಿದ್ದೆ. ಮನೆ ಸುದ್ದಿ. ತಂಗಿಗೆ ಹಲ್ಲು ಬಿತ್ತು. ಅಪ್ಪ ಸೈಕಲ್ಲಿಂದ ಬಿದ್ದರು, ಏನೂ ಆಗಿಲ್ಲ. ನಿನ್ನ ಸ್ವೆಟರು ಅರ್ಧ ಆಯ್ತು. ಎಷ್ಟೋ ವಾರ ತಪ್ಪಿಹೋಗಿತ್ತು. ಕರೆಂಟು ಇರ್ತಿರಲಿಲ್ಲ. ನನಗೆ ಸೀತಾಳೆ ಸಿಡುಬು ಎದ್ದಾಗ ಮೂರು ವಾರ ಬೇರೆ ಕೋಣೆಗೆ ಹಾಕಿಬಿಟ್ಟರು. ಆಗ ಏನು ಹೇಳಿದ್ದೆ ಅಂತ ಆಮೇಲೆ ಅಮ್ಮನನ್ನ ಕೇಳಿದೆ. ನನಗೇನು ನೆನಪಿದೆ ಮಾರಾಯ್ತಿ, ಟೇಪಿನಲ್ಲಿ ನೋಡ್ಕೋ ಅಂದಳು."

ಆಮೇಲೆ, "ಟೇಪು ಎಲ್ಲಿ?"

ತಂಗಿಗೆ ಸನ್ನೆ ಮರೆತುಹೋಯಿತು. ಬೀದಿಯ ಕಡೆ ಬೆರಳು ತೋರಿಸಿದಳು. ಅಕ್ಕನಿಗೆ ಅಷ್ಟೇ ಸಾಕಾಯಿತು. ಎದ್ದು ಚಪ್ಪಲಿ ಮೆಟ್ಟಿ ಹೊರಟುಹೋದಳು.

ತಂಗಿ ಗುಜರಿಯವನಲ್ಲಿಗೆ ಓಡಿದಳು. "ಅದೆಲ್ಲ ಅವತ್ತೇ ಪುಡಿಯಾಯ್ತಲ್ಲ ಮೇಡಂ," ಎಂದ ಅವನು. ಟಿವಿ ಕಚೇರಿಗೆ ಫೋನು ಮಾಡಿದರೆ ವಾರದ ಸುದ್ದಿ ಅವರು ಇಟ್ಟುಕೊಳ್ಳುವ ಪದ್ಧತಿಯೇ ಇರಲಿಲ್ಲವಂತೆ. ಕೊನೆಗೆ ರಿಪೇರಿ ಮಾಮನ ಮನೆಗೇ ಹೋದಳು.

"ಈಗ ಬಿಡಿಸೋಕಾಗಲ್ವಾ ಮಾಮ?"

ಮಾಮ ಮಂಡಿ ನೀವಿಕೊಂಡ. "ಗೆರೆ ಇದ್ದಿದ್ರೆ ಒಂದೊಂದು ಕಂತೂ ಬೇರೆ ಮಾಡಬಹುದಿತ್ತು. ಒಂದೊಂದು ಬೆರಳೂ ಕಾಣ್ತಿತ್ತು. ಕಲಸಿದ್ದನ್ನ ಹೇಗಮ್ಮ ಬಿಡಿಸೋದು? ನಾನಾದರೂ ಕುಂಟ್ಕೊಂಡು ಬರಬೇಕಾಗಿತ್ತು."

"ನೀವು ಹೇಳಿದ್ರಿ ಮಾಮ. ನಾನೇ ಕೇಳಲಿಲ್ಲ."

ಸಂಜೆಗೆ ಅಕ್ಕ ವಾಪಸು ಬಂದಳು. ಬೈಯಲಿಲ್ಲ. ಉಳಿದ ಮೂರು ದಿನವೂ ಇಬ್ಬರೂ ಪಕ್ಕಪಕ್ಕ ಕೂತು ಪ್ರತಿ ಸುದ್ದಿಯ ಕೊನೆಯನ್ನು ನಿಧಾನವಾಗಿ ಓಡಿಸಿ ನೋಡಿದರು. ಭುಜ, ತುಟಿ, ಹುಬ್ಬು ನೋಡಿ ಅಕ್ಕ ಅಲ್ಲೊಂದು ಇಲ್ಲೊಂದು ಪದ ಹಿಡಿದಳು. ಬೆಕ್ಕು. ನಾಳೆ. ಹೊಸ ಬಾಗಿಲು. ಅಕ್ಕನಿಗೆ ಸಿಡುಬು ಎದ್ದಿದ್ದ ಮೂರು ವಾರಗಳಲ್ಲಿ ಎರಡರಿಂದ ಏನೂ ಸಿಗಲಿಲ್ಲ. ಮೂರನೆಯದರಲ್ಲಿ ಅಮ್ಮನ ಹುಬ್ಬು ಮೇಲೆದ್ದಿತ್ತು.

"ಏನೋ ಕೇಳ್ತಿದ್ದಾಳೆ," ಎಂದಳು ಅಕ್ಕ ಸನ್ನೆಯಲ್ಲಿ. "ಏನು ಅಂತ ಗೊತ್ತಾಗ್ತಿಲ್ಲ."

ಹೊರಡುವಾಗ ಎಲ್ಲವನ್ನೂ ಒಂದು ಡ್ರೈವಿಗೆ ಹಾಕಿಸಿಕೊಂಡು ಹೋದಳು. ಭಾನುವಾರ ತಂಗಿಯ ಫೋನಿಗೆ ಒಂದು ಸಾಲು ಬಂತು: "ಮುಖ ಮಾತ್ರ ತುಂಬಾ ಚೆನ್ನಾಗಿ ಬಂದಿದೆ."

ಅಕ್ಕ ಸಮಾಧಾನ ಮಾಡುತ್ತಿದ್ದಾಳೋ, ಚುಚ್ಚುತ್ತಿದ್ದಾಳೋ ತಂಗಿಗೆ ತಿಳಿಯಲಿಲ್ಲ. ಎದುರಿಗಿದ್ದಿದ್ದರೆ ಅವಳ ಕೈ ನೋಡಿ ತಿಳಿಯುತ್ತಿತ್ತೇನೋ. ಉತ್ತರ ಟೈಪು ಮಾಡಿ ಅಳಿಸಿದಳು, ಮತ್ತೆ ಮಾಡಿ ಅಳಿಸಿದಳು, ಕೊನೆಗೆ "ನೀನು ಮತ್ತೆ ಯಾವಾಗ ಬರ್ತೀಯ?" ಎಂದಷ್ಟೇ ಕಳಿಸಿದಳು.