ಲಮ್ ತಾತನ ಹೆಚ್ಚುವರಿ ಪೆಟ್ಟು

ಕೆಂಟಕಿಯ ಪೂರ್ವದ ಬೆಟ್ಟಗಳಲ್ಲಿ ‘ಅರ್ಧ ಹೇಸರಗತ್ತೆ’ಯಷ್ಟು ಕಡೆಗಳಿಂದ ಹೊರದಬ್ಬಿಸಿಕೊಂಡ ವಾದ್ಯತಂಡ ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವುದೂ ಅನುಮಾನ. ಸಂಗೀತೋತ್ಸವಗಳಲ್ಲಿ ಚುರುಕು ಬ್ಯಾಂಜೋದ ಬ್ಲೂಗ್ರಾಸ್‌ನವರು ಇದು ಹಳೇ ಕಾಲದ ಸಂಗೀತ ಎಂದು ಹಳಬರ ಡೇರೆಗೆ ಕಳಿಸಿದರು. ಹಳಬರು ತಂಡದ ರೂಬೆನ್‌ನ ದೊಡ್ಡ ಬಾಸ್ ಪಿಟೀಲಿನಲ್ಲಿ ಟೆಕ್ಸಾಸಿನ ಪೋಲ್ಕಾ ಕುಣಿಯುತ್ತಿದೆ ಎಂದು ಶೋಕದ ಹಾಡಿನ ಬ್ಲೂಸ್‌ನವರ ಕಡೆ ಅಟ್ಟಿದರು. ತಂಡದ ಹಾಡುಗಾರ್ತಿ ಐವರಿ ಬಾಯಿ ತೆರೆದೊಡನೆ ಬ್ಲೂಸ್‌ನವರು ಇದು ಚರ್ಚಿನ ಹಾಡು ಎಂದರು. ಚರ್ಚಿನವರು ಇದು ಸಾರಾಯಿ ಅಂಗಡಿಯದು ಎಂದರು. ಸಾರಾಯಿ ಅಂಗಡಿಯವನು ಮಾತ್ರ ಕೊನೆಯವರೆಗೂ ಕೇಳಿ, ಏಪ್ರನ್ನಿನಿಂದ ಕಣ್ಣೊರೆಸಿಕೊಂಡು, ಇದನ್ನು ಕೇಳುತ್ತ ಕೂತರೆ ಗಿರಾಕಿಗಳು ಕುಡಿಯುವುದನ್ನೇ ಮರೆಯುತ್ತಾರೆ ಎಂದು ಬಾಗಿಲು ತೋರಿಸಿದ.

ಆ ತಂಡದ ಪಿಟೀಲು, ವ್ಯಾನಿನ ಚಾಲಕಿ, ಮ್ಯಾನೇಜರು, ಅಡುಗೆಯವಳು, ಜಗಳಗಂಟಿ ಎಲ್ಲವೂ ಒಬ್ಬಳೇ, ಆರ್ಲೀನ್ ಸ್ಟಿಡಮ್. ನ್ಯಾಶ್‌ವಿಲ್‌ನ ರೆಕಾರ್ಡು ಕಂಪನಿಯವನೊಬ್ಬ ಒಮ್ಮೆ ಟೈ ಕಟ್ಟಿಕೊಂಡು ಬಂದು, “ನಿಮ್ಮನ್ನ ಅಂಗಡೀಲಿ ಯಾವ ಗೂಡಲ್ಲಿಡೋಣ?” ಎಂದು ಕೇಳಿದ್ದ. ಅವಳು ಕೊಟ್ಟ ಉತ್ತರಕ್ಕೆ ಆ ಟೈ ಇಂದಿಗೂ ನೆಟ್ಟಗಾಗಿಲ್ಲ. ಅಂದಿನಿಂದ ತಮ್ಮ ರೆಕಾರ್ಡನ್ನು ತಾವೇ ಮಾಡಿ, ವ್ಯಾನಿನ ಹಿಂಬಾಗಿಲು ತೆರೆದು ಮಾರಿಕೊಂಡು ಬಂದಿದ್ದರು. ಭೂಮಿಯಿಂದ ಚಂದ್ರನಿಗೆ ಹೋಗಿ ಬರುವಷ್ಟು ದೂರ ಆ ವ್ಯಾನು ಓಡಿತ್ತು. ಹೋಗುವಾಗಲೂ ಬರುವಾಗಲೂ ಕೆಟ್ಟು ನಿಂತಿತ್ತು.

ಲಾರೆಲ್ ನಾಬ್ ಸಂಗೀತೋತ್ಸವದ ಆ ಶನಿವಾರ ಬೆಳಿಗ್ಗೆ ಆರ್ಲೀನಳ ತಮ್ಮ ಡಾರ್ಸಿ ವ್ಯಾನಿನ ಮೆಟ್ಟಿಲ ಮೇಲೆ ಕೂತು ಸೇಬಿನ ಕರಿಗಡುಬು ತಿನ್ನುತ್ತಿದ್ದ. ಅವನ ಬ್ಯಾಂಜೋ ಕೇಳಿದರೆ ಗೋರಿಯಲ್ಲಿರುವವರೂ ಕಾಲು ಕುಣಿಸುತ್ತಾರೆಂದು ಮೂರು ಜಿಲ್ಲೆಗಳಲ್ಲಿ ಹೆಸರು.

“ಅಕ್ಕಾ, ಕೆಂಪು ವೇಸ್ಟ್‌ಕೋಟಿನೋರು ಕರೀತಿದಾರೆ,” ಎಂದ, ಕಡುಬಿಗೆ ಹೇಳುವವನಂತೆ.

ಆರ್ಲೀನಳ ಕೈಯ ಕಾಫಿ ಲೋಟ ಗಾಳಿಯಲ್ಲೇ ನಿಂತಿತು. ಕೆಂಪು ವೇಸ್ಟ್‌ಕೋಟಿನವರೆಂದರೆ ಶುದ್ಧ ಬ್ಲೂಗ್ರಾಸ್ ತಂಡ. ಐದು ಜನರೂ ಒಂದೇ ಬಣ್ಣ, ಒಂದೇ ಟೋಪಿ, ಸೀನಿದರೂ ಒಂದೇ ತಾಳಕ್ಕೆ ಸೀನುವವರು.

“ಕರೆದ್ರೆ?”

“ಸಂಜೆ ದೊಡ್ಡ ವೇದಿಕೆ ನಮಗೆ ಸಿಕ್ಕಿದ್ರೆ ನಿನ್ ಜೊತೆಗಿರ್ತೀನಿ. ಸಿಗದಿದ್ರೆ ಹೋಗ್ತೀನಿ. ಸಾಕಾಗಿದೆ ಅಕ್ಕಾ. ಹೋದ್ ತಿಂಗಳು ನಾವು ಎಲ್ಲಿ ಬಾರಿಸಿದ್ವಿ ಹೇಳು?”

“ಟ್ರ್ಯಾಕ್ಟರ್ ಅಂಗಡಿ ಉದ್ಘಾಟನೇಲಿ.”

“ಟ್ರ್ಯಾಕ್ಟರ್ ಆಫ್ ಮಾಡಿದ್ರಾ?”

ಆಫ್ ಮಾಡಿರಲಿಲ್ಲ. ಆದರೆ ಡಾರ್ಸಿ ಹೋದರೆ ತಂಡ ಹೋದಂತೆಯೇ. ತೀರಿಹೋದ ಅವರ ಲಮ್ ತಾತ ಬಾರಿಸುತ್ತಿದ್ದ ಮಟ್ಟುಗಳು ಈ ಲೋಕದಲ್ಲಿ ಉಳಿದಿದ್ದುದು ಎರಡೇ ಜೊತೆ ಕೈಗಳಲ್ಲಿ, ಒಂದು ಅವಳದು, ಇನ್ನೊಂದು ಈ ಕಡುಬಿನ ಎಣ್ಣೆ ಮೆತ್ತಿದ್ದು.

ಅವಳು ಲೋಟದ ಕಾಫಿಯನ್ನು ಹುಲ್ಲಿಗೆ ಚೆಲ್ಲಿ ಸೀದಾ ಹೋಬರ್ಟ್ ರ‍್ಯಾಟ್ಲಿಫ್‌ನ ಬಳಿಗೆ ಹೋದಳು. ಯಾರಿಗೆ ಯಾವ ವೇದಿಕೆ ಎಂದು ತೀರ್ಮಾನಿಸುವವನು ಅವನೇ, ಮಧ್ಯಾಹ್ನದ ಚೌಕದ ಕುಣಿತಕ್ಕೆ ಹೆಜ್ಜೆ ಕೂಗಿ ಹೇಳುವವನೂ ಅವನೇ. ಅವನು ಪಿಸುಗುಟ್ಟಿದರೆ ಪಕ್ಕದ ಕಣಿವೆಯ ಹಸುಗಳು ಎದ್ದು ಬಲಕ್ಕೆ ತಿರುಗುತ್ತಿದ್ದವು.

“ಮಿಸ್ಟರ್ ಹೋಬರ್ಟ್, ಸಂಜೆಗೆ ಒಂದು ತಂಡ ಕೈ ಕೊಟ್ಟಿದೆಯಂತೆ.”

“ಕೊಟ್ಟಿದೆ ಮಿಸ್ ಆರ್ಲೀನ್. ಆದ್ರೆ ನಿಮ್ಮದು ಏನು ಅಂತ ಹಲಗೆ ಮೇಲೆ ಬರೀಲಿ? ಮೀನಾ, ಕೋಳೀನಾ?”

“ಊಟ ಅಂತ ಬರೀರಿ.”

ಹೋಬರ್ಟ್ ಗದ್ದ ಕೆರೆದುಕೊಂಡ. “ಒಂದ್ ಕೆಲಸ ಮಾಡಿ. ಮಧ್ಯಾಹ್ನದ ಕುಣಿತಕ್ಕೆ ನೀವೇ ಬಾರಿಸಿ. ನೆಟ್ಟಗೆ ಬಾರಿಸಿದ್ರೆ ಸಂಜೆ ವೇದಿಕೆ ನಿಮ್ದು. ನೆಟ್ಟಗೆ ಅಂದ್ರೆ ನೆಟ್ಟಗೆ. ಎಂಟು ಪೆಟ್ಟು ಅಂದ್ರೆ ಎಂಟೇ. ಸೊಟ್ಟ ಮಟ್ಟು ಒಂದೂ ಕೂಡದು.”

ಸೊಟ್ಟ ಮಟ್ಟು ಎಂದರೆ ತಾಳದಲ್ಲಿ ಎಲ್ಲೋ ಒಂದು ಪೆಟ್ಟು ಹೆಚ್ಚೋ ಕಡಿಮೆಯೋ ಆದ ಹಳೆಯ ಮಟ್ಟು. ಕೂತು ಕೇಳುವವರಿಗೆ ಅದು ಸೊಗಸು. ಕುಣಿಯುವವರಿಗೆ ಕತ್ತಲಲ್ಲಿ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟ ಹಾಗೆ. ಸ್ಟಿಡಮ್ ಮನೆತನದ ಮಟ್ಟುಗಳಲ್ಲಿ ನೆಟ್ಟಗಿರುವುದು ಒಂದೂ ಇರಲಿಲ್ಲ. ಅದರಲ್ಲೂ ‘ಹಂದಿ ಹೊಳೆ ದಾಟಿತು’ ಎಂಬ ಮಟ್ಟಿನ ಎರಡನೆಯ ಭಾಗದಲ್ಲಿದ್ದ ಹೆಚ್ಚುವರಿ ಪೆಟ್ಟಿಗೆ ಆರ್ಲೀನ್ ಕಟ್ಟಿದ್ದ ಕಥೆ ಕೇಳಿ ಒಹಾಯೋ ನದಿಯ ಎರಡೂ ದಡದ ಹೆಂಗಸರು ಅತ್ತಿದ್ದರು. ಅಜ್ಜಿ ತೀರಿಕೊಂಡ ಮೇಲೆ ತಾತ ಅಲ್ಲಿಗೆ ಬಂದಾಗಲೆಲ್ಲ ಬಿಡುತ್ತಿದ್ದ ನಿಟ್ಟುಸಿರು ಅದು ಎಂದು ಅವಳು ಹೇಳುವಳು. ರೆಕಾರ್ಡಿನ ಹಿಂಬದಿಯಲ್ಲೂ ಅದನ್ನೇ ಅಚ್ಚು ಹಾಕಿಸಿದ್ದಳು.

ಊಟವಾದ ಮೇಲೆ ಮರದ ಹಲಗೆಯ ನೆಲದ ಬಳಿ ನಾಲ್ವರೂ ಸೇರಿದರು. ಆರ್ಲೀನ್ ಪಿಟೀಲಿನ ಕಮಾನನ್ನು ಬೆತ್ತದಂತೆ ಹಿಡಿದು ಒಬ್ಬೊಬ್ಬರ ಮೂಗಿಗೂ ತೋರಿಸಿದಳು.

“ರೂಬೆನ್, ಪೋಲ್ಕಾ ಕೇಳಿಸಿದ್ರೆ ನಿನ್ ಬಾಸಲ್ಲಿ ಒಲೆ ಹಚ್ತೀನಿ. ಐವರಿ, ಹಲ್ಲೆಲೂಯ ಬೇಡಮ್ಮ. ಡಾರ್ಸೀ, ನೀನಂತೂ ತಾತನ್ನ ಇವತ್ತೊಂದಿನ ಮರೀ.”

“ನಾನು ಮರೀತೀನಿ. ನೀನು?” ಎಂದ ಡಾರ್ಸಿ.

“ನನ್ ವಿಷಯ ನಿನಗ್ಯಾಕೆ!”

ಅಷ್ಟರಲ್ಲಿ ಹೋಬರ್ಟ್‌ನ ಕಣ್ಣು ಐವರಿಯ ಸೂಟ್‌ಕೇಸಿನ ಮೇಲೆ ಬಿತ್ತು. ಅದನ್ನು ನಿಲ್ಲಿಸಿ, ಕಾಲಿನ ಪೆಡಲಿನಿಂದ ಗುದ್ದಿಯೇ ಅವಳು ತಾಳ ಕೊಡುತ್ತಿದ್ದುದು.

“ಇಲ್ಲಿ ಡ್ರಮ್ ಬಾರಿಸೋ ಹಾಗಿಲ್ಲ.”

“ಡ್ರಮ್ಮೆಲ್ಲಿದೆ ಸಾರ್? ಇದು ಸೂಟ್‌ಕೇಸು.”

“ಒಳಗೇನಿದೆ?”

“ಡಾರ್ಸಿ ಕಾಲ್ಚೀಲ.”

“ತೆಗಿ, ನೋಡೋಣ.”

ಐವರಿ ತೆಗೆದಳು. ಹತ್ತಿರದ ಮೇಪಲ್ ಮರದಿಂದ ಎರಡು ಹಕ್ಕಿ ಬಿದ್ದವೆಂದು ಇವತ್ತಿಗೂ ಹೇಳುವವರಿದ್ದಾರೆ. ಹೋಬರ್ಟ್ ಟೋಪಿಯಿಂದ ಮೂಗು ಮುಚ್ಚಿಕೊಂಡ. “ಮುಚ್ಚಮ್ಮ, ಮುಚ್ಚು! ಗುದ್ಕೋ, ಎಷ್ಟು ಬೇಕಾದ್ರೂ ಗುದ್ಕೋ!”

ಕುಣಿತ ಶುರುವಾಯಿತು. ನಾಲ್ಕು ಜೋಡಿಗೊಂದರಂತೆ ಹಲಗೆಯ ತುಂಬ ಚೌಕಗಳು. ‘ಅರ್ಧ ಹೇಸರಗತ್ತೆ’ ಅಂದು ಬಾರಿಸಿದ್ದು ಎಷ್ಟು ನೆಟ್ಟಗಿತ್ತೆಂದರೆ, ಬಡಗಿಯೊಬ್ಬ ಬಂದು ಅದರ ಪಕ್ಕ ಹಲಗೆಯಿಟ್ಟು ಗೀಟೆಳೆಯಬಹುದಿತ್ತು. ರೂಬೆನ್‌ನ ಹಣೆಯಲ್ಲಿ ಬೆವರು. ಐವರಿ ಹಾಡು ಹೊರಗೆ ಬರದಂತೆ ತುಟಿ ಕಚ್ಚಿಕೊಂಡಿದ್ದಳು. ಡಾರ್ಸಿಯ ಮುಖ ಹಲ್ಲು ಕೀಳಿಸಿಕೊಳ್ಳಲು ಕೂತವನದು. ಹೋಬರ್ಟ್ ಮಾತ್ರ ಆರ್ಲೀನಳ ಕಡೆ ತಿರುಗಿ ಮೆಚ್ಚಿ ತಲೆಯಾಡಿಸಿದ. ವೇದಿಕೆ ಕೈಗೆ ಬಂದಿತ್ತು, ತಮ್ಮನೂ ಬಂದಿದ್ದ.

“ಕೊನೇದೊಂದು!” ಎಂದು ಹೋಬರ್ಟ್ ಕೂಗಿದ. “ಚುರುಕಾಗಿರೋದು!”

ಆರ್ಲೀನ್ ಎಲ್ಲರಿಗೂ ಗೊತ್ತಿದ್ದ ಒಂದು ಸಾದಾ ಮಟ್ಟನ್ನು ಎತ್ತಿಕೊಂಡಳು. ಅದರ ಶುರುವೂ ‘ಹಂದಿ’ಯ ಶುರುವೂ ಒಡಹುಟ್ಟಿದವರಂತೆ. ಮುಂದೆ ಕವಲು ಬರುತ್ತದೆ, ಅಲ್ಲಿ ಎಡಕ್ಕೆ ಹೋಗಬೇಕು. ಅವಳು ಆಗ ಸಂಜೆ ಯಾವ ಉಡುಪು ಹಾಕುವುದೆಂದು ಯೋಚಿಸುತ್ತಿದ್ದಳು. ಕಮಾನು ಮಾತ್ರ ದಿನದ ಗೇಯ್ಮೆ ಮುಗಿಸಿದ ಹೇಸರಗತ್ತೆಯಂತೆ, ಯಾರನ್ನೂ ಕೇಳದೆ, ಮನೆಯ ದಾರಿ ಹಿಡಿಯಿತು.

ಡಾರ್ಸಿ ಅಕ್ಕನ ಕಡೆ ನೋಡಿದ. ಅವನ ಹುಬ್ಬುಗಳು ಟೋಪಿಯೊಳಗೆ ಹೊಕ್ಕವು. ಆದರೂ ಬೆನ್ನಟ್ಟಿದ. ರಕ್ತಕ್ಕೆ ಬೇರೆ ದಾರಿ ಗೊತ್ತಿರಲಿಲ್ಲ.

ಹೆಚ್ಚುವರಿ ಪೆಟ್ಟು ಬಂತು.

ಎಡಕ್ಕೆ ತಿರುಗಬೇಕಿದ್ದವರು ಬಲಕ್ಕೆ, ಬಲದವರು ಒಬ್ಬರ ಬೆನ್ನ ಮೇಲೊಬ್ಬರು. ದಂತವೈದ್ಯನ ಕೈಗೆ ಶೆರೀಫನ ಹೆಂಡತಿ ಸಿಕ್ಕಳು, ಶೆರೀಫನ ಕೈಗೆ ದಂತವೈದ್ಯ. ಒಬ್ಬ ತೂಕದ ಹೆಂಗಸು ನಿಂಬೆ ಶರಬತ್ತಿನ ತೊಟ್ಟಿಯಲ್ಲಿ ಕೂತಳು. ತೊಟ್ಟಿಯಲ್ಲಿದ್ದ ಶರಬತ್ತು ವರ್ಜೀನಿಯದ ಗಡಿ ದಾಟಿತು.

“ಸೊಟ್ಟ!” ಎಂದು ಹೋಬರ್ಟ್ ಗುಡುಗಿದ. “ಸೊಟ್ಟ ಮಟ್ಟು! ಇದು ಯಾರ ಮ...” ಎಂದವನು ಅಲ್ಲೇ ನಿಂತ. ಕಿವಿ ನಿಮಿರಿತು. “ತಡೀರಿ. ಇದು ಲಮ್ ಸ್ಟಿಡಮ್‌ದಲ್ವಾ? ನಿಲ್ಲಿಸಬೇಡಿ, ಬಾರಿಸಿ!”

ಸುತ್ತು ತಿರುಗಿ ಮತ್ತೆ ಆ ಜಾಗಕ್ಕೆ ಬಂದಿತು. ಸರಿಯಾಗಿ ಆ ಪೆಟ್ಟಿಗೆ ಹೋಬರ್ಟ್ ಕತ್ತನ್ನು ಎಡಕ್ಕೆ ತಿರುಗಿಸಿ, “ಉಗೀರಿ!” ಎಂದು ಕೂಗಿದ.

ಕುಣಿಯುವವರು ಕೂಗುವವನ ಮಾತನ್ನು ಪ್ರಶ್ನಿಸುವುದಿಲ್ಲ. ಎಲ್ಲರೂ ಒಟ್ಟಿಗೆ ಕತ್ತು ತಿರುಗಿಸಿ, “ಥೂ!” ಎಂದರು. ಅಲ್ಲಿಂದ ಮುಂದೆ ಹೆಜ್ಜೆ ಬೆಣ್ಣೆಯಂತೆ ಕೂಡಿತು. ಮುಂದಿನ ಸುತ್ತಿಗೆ “ಥೂ!” ಇನ್ನೂ ಜೋರಾಯಿತು. ಅದರ ಮುಂದಿನದಕ್ಕೆ ಊಟದ ಡೇರೆಯವರೂ ಸೇರಿಕೊಂಡರು. ಐವರಿ ತುಟಿ ಬಿಟ್ಟಳು, ರೂಬೆನ್‌ನ ಪೋಲ್ಕಾ ಗೂಟ ಕಿತ್ತುಕೊಂಡಿತು, ಮಟ್ಟು ಮುಗಿಸಲು ಜನ ಬಿಡಲಿಲ್ಲ.

ಕೊನೆಗೂ ಮುಗಿದಾಗ ಆರ್ಲೀನ್ ಹೋಬರ್ಟ್‌ನ ಅಂಗಿಯ ತೋಳು ಹಿಡಿದಳು. “ಮಿಸ್ಟರ್ ಹೋಬರ್ಟ್, ಉಗೀರಿ ಅಂದ್ರೇನು? ಅದು ನಮ್ ತಾತನ ನಿಟ್ಟುಸಿರು!”

“ಯಾವ ನಿಟ್ಟುಸಿರಮ್ಮ? ಲಮ್ ಹೊಗೆಸೊಪ್ಪು ಅಗೀತಿದ್ದ. ಆ ಜಾಗಕ್ಕೆ ಬರೋ ಹೊತ್ತಿಗೆ ಬಾಯಿ ತುಂಬೋದು. ಒಂದು ಪೆಟ್ಟು ತಡೆದು ಡಬ್ಬಕ್ಕೆ ಉಗಿದು ಮುಂದುವರೀತಿದ್ದ. ಎಷ್ಟೋ ಸಲ ಡಬ್ಬ ಹಿಡ್ಕೊಂಡಿದ್ದೋನು ನಾನೇ.”

ಆರ್ಲೀನಳಿಗೆ ಒಹಾಯೋ ನದಿಯ ಎರಡೂ ದಡದ ಹೆಂಗಸರು ಕಣ್ಮುಂದೆ ಸಾಲಾಗಿ ನಿಂತರು. ಡಾರ್ಸಿ ಬ್ಯಾಂಜೋದ ಹಿಂದೆ ಮುಖ ಮರೆಸಿಕೊಂಡು ನಗುತ್ತಿದ್ದ.

“ಸಂಜೆ ವೇದಿಕೆ?” ಎಂದಳು ಅವಳು.

“ಅದಾಗಲ್ಲ. ನೆಟ್ಟಗೆ ಅಂದಿದ್ದೆ, ನೀವು ಸೊಟ್ಟ ಬಾರಿಸಿದ್ರಿ. ಮಾತು ಅಂದ್ರೆ ಮಾತು. ವೇದಿಕೆ ವೇಸ್ಟ್‌ಕೋಟಿನೋರಿಗೆ. ಆದ್ರೆ ಈ ಜನ ಮನೆಗೆ ಹೋಗೋ ಹಾಗೆ ಕಾಣ್ತಿಲ್ಲ. ಸಂಜೇನೂ ಇದೇ ಹಲಗೆ ಮೇಲೆ ಬಾರಿಸಿ. ಇಂಥ ಸೊಟ್ಟವು ಇನ್ನೆಷ್ಟಿವೆ?”

“ಎಲ್ಲವೂ,” ಎಂದಳು ಆರ್ಲೀನ್. ವೇದಿಕೆ ಹೋಯಿತು. ಆಡಿದ ಮಾತಿನಂತೆ ಡಾರ್ಸಿಯೂ ಹೋದ. ಹೋಗಿದ್ದು ತನ್ನದೇ ಕೈಯಿಂದ, ಉಡುಪಿನ ಯೋಚನೆಯಲ್ಲಿ!

ವೇಸ್ಟ್‌ಕೋಟಿನ ಮುಖಂಡ ಗಾರ್ಲ್ಯಾಂಡ್ ಆಗಲೇ ಡಾರ್ಸಿಯ ಹೆಗಲ ಮೇಲೆ ಕೈಯಿಟ್ಟು ತಮ್ಮ ಬಸ್ಸಿನ ಕಡೆ ಕರೆದೊಯ್ಯುತ್ತಿದ್ದ. “ಕೈ ಚೆನ್ನಾಗಿದೆ ಡಾರ್ಸೀ. ಆ ಉಗುಳೊಂದು ಬಿಟ್ಟುಬಿಡು. ಎಲ್ಲಿ, ನಮ್ಮ ಜೊತೆ ಒಂದ್ಸಲ ನೆಟ್ಟಗೆ ಬಾರಿಸು, ನೋಡೋಣ.”

ಆರ್ಲೀನ್ ವ್ಯಾನಿನಲ್ಲಿ ಪಿಟೀಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಕೇಳಬಾರದೆಂದುಕೊಂಡರೂ ಬಸ್ಸಿನ ಹಿಂದಿನಿಂದ ಬ್ಯಾಂಜೋದಲ್ಲಿ ‘ಹಂದಿ’ ಕೇಳಿಸಿತು. ಚೆನ್ನಾಗಿ ಓಡಿತು, ಓಡಿತು, ಆ ಜಾಗಕ್ಕೆ ಬಂದು ಒಂದು ಪೆಟ್ಟು ತಡೆಯಿತು. ವೇಸ್ಟ್‌ಕೋಟಿನವರು ಐವರೂ ಮುಗ್ಗರಿಸಿದ ಸದ್ದಾಯಿತು. ಮತ್ತೆ ಶುರು, ಮತ್ತೆ ಅಲ್ಲೇ ತಡೆ. ಬೇರೆ ಮಟ್ಟು ಎತ್ತಿಸಿದರು. ಅವನ ಕೈ ಅದರಲ್ಲೂ ಎಲ್ಲೋ ಒಂದು ಕಡೆ ನಿಂತು ಉಗಿಯಿತು. ಗಾರ್ಲ್ಯಾಂಡ್ ಏನೋ ಕಿರುಚಿದ.

ಡಾರ್ಸಿ ಬಂದು ಮೆಟ್ಟಿಲ ಮೇಲೆ ಕೂತ. ಕಿವಿ ಕೆಂಪಾಗಿದ್ದವು.

“ಬರಲ್ಲ ಅಂದೆ,” ಎಂದ.

“ಯಾಕೋ?”

“ವೇಸ್ಟ್‌ಕೋಟು ಬಿಗಿ.”

ಆರ್ಲೀನಳಿಗೆ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು, ಅದೇ ಕೈಯಿಂದ ತಲೆಗೊಂದು ಮೊಟಕಬೇಕೆಂದೂ ಅನಿಸಿತು. ಎರಡರಲ್ಲಿ ಯಾವುದು ಮೊದಲೆಂದು ತೋಚದೆ ಅವನ ಬ್ಯಾಂಜೋವನ್ನೇ ಕಿತ್ತುಕೊಂಡು ಒಂದು ತಂತಿ ಮೀಟಿದಳು.

“ನಾಲ್ಕನೇದು ಇಳಿದಿದೆ. ಇದನ್ನಿಟ್ಕೊಂಡು ಶುದ್ಧ ಸಂಗೀತಕ್ಕೆ ಹೊರಟಿದ್ಯೇನೋ, ಕತ್ತೆ? ಏರಿಸು!”

“ಏರ್ಸಿದ್ರೆ ಕಿತ್ತೋಗುತ್ತೆ.”

“ಏರಿಸು ಅಂದೆ!”

ಏರಿಸಿದ. ಕಿತ್ತುಹೋಯಿತು. ಅಕ್ಕ ತಮ್ಮ ಇಬ್ಬರೂ ಒಬ್ಬರನ್ನೊಬ್ಬರು ಬೈಯುತ್ತ ವ್ಯಾನಿನೊಳಗೆ ಮೊಣಕಾಲೂರಿ ಹೊಸ ತಂತಿಗೆ ತಡಕಾಡತೊಡಗಿದರು. ಹೊರಗೆ ಹೋಬರ್ಟ್‌ನ ದನಿ ಜನರನ್ನು ಹಲಗೆಯ ಮೇಲೆ ಚೌಕ ಕಟ್ಟಿಸುತ್ತಿತ್ತು.