ಬಾಯ್ಲರ್ ಹಚ್ಚದ ಒಂದು ಗಂಟೆ

ಸರ್ಕಾರದ ಷರತ್ತು ಇಷ್ಟೇ. ಇಡೀ ದೇಶ ಕಲ್ಲಿದ್ದಲ ಹಂಗಿಲ್ಲದೆ ಒಂದು ಗಂಟೆ ನಡೆದು ತೋರಿಸಬೇಕು. ತೋರಿಸಿದರೆ ಕಲ್ಲಿದ್ದಲು ಸ್ಥಾವರಗಳನ್ನು ಮುಚ್ಚುವ ಕಾನೂನು ಈ ವರ್ಷವೇ ಜಾರಿ. ಇಲ್ಲದಿದ್ದರೆ ಹತ್ತು ವರ್ಷ ಮುಂದಕ್ಕೆ. ಹತ್ತು ವರ್ಷವಂತೆ! ಆ ಕಾನೂನಿನ ಕಡತ ಹೊತ್ತು ಆರು ವರ್ಷ ಕಚೇರಿಯಿಂದ ಕಚೇರಿಗೆ ಅಲೆದವಳು ನಾನು. ನನ್ನ ಮೈಯೆಲ್ಲ ಉರಿದುಹೋಗಿತ್ತು.

ಹನ್ನೊಂದಕ್ಕೆ ಪರೀಕ್ಷೆ ಶುರುವಾಯಿತು. ದೇಶಕ್ಕೆಲ್ಲ ವಿದ್ಯುತ್ ಹಂಚುವ ಕೊಠಡಿಯಲ್ಲಿ ಮುಖ್ಯ ಕುರ್ಚಿ ನನ್ನದು. ಗೋಡೆಯ ಪರದೆಯ ಮೇಲೆ ವಿದ್ಯುತ್ತಿನ ಆವರ್ತನ, ಐವತ್ತು ಎಂಬ ಅಂಕಿ; ಬೇಡಿಕೆಗೆ ತಕ್ಕಷ್ಟು ವಿದ್ಯುತ್ ಹುಟ್ಟದಿದ್ದರೆ ಅದು ಇಳಿಯುತ್ತದೆ. ಅದು ನಲವತ್ತೊಂಬತ್ತೂವರೆಗೆ ಇಳಿದರೆ ಊರೂರೇ ಕತ್ತಲು. ಹಾಗೇನಾದರೂ ಆದರೆ ಇರಲಿ ಎಂದು ಒಂದು ಕಲ್ಲಿದ್ದಲು ಸ್ಥಾವರದ ಬಾಯ್ಲರನ್ನು, ಕಲ್ಲಿದ್ದಲು ಹಾಕದೆ, ಎಣ್ಣೆಯ ಸಣ್ಣ ಉರಿಯಲ್ಲಿ ಬಿಸಿಯಾಗಿಟ್ಟಿದ್ದರು. ಅದರ ಉಸ್ತುವಾರಿ ನನ್ನಪ್ಪನದೇ. ನಾನು ಫೋನಿನಲ್ಲಿ ‘ಹಚ್ಚಿ’ ಎಂದರೆ ಅವರು ಕಲ್ಲಿದ್ದಲು ಹಚ್ಚಲೇಬೇಕು, ಪರೀಕ್ಷೆ ಅಲ್ಲಿಗೆ ಮುಗಿಯಿತು. ನಾವು ಗೆದ್ದರೋ, ಅಪ್ಪನ ಕೆಲಸಕ್ಕೇ ಸಂಚಕಾರ.

ಹನ್ನೊಂದು ನಲವತ್ತಕ್ಕೆ ಸೌರಫಲಕಗಳ ಮೇಲೆ ಮೋಡ ಕವಿಯಿತು. ಗಾಳಿಯಂತ್ರಗಳಿಗೆ ಗಾಳಿಯೂ ಕೈಕೊಟ್ಟಿತು.

“ಅಕ್ಕಾ, ನಲವತ್ತೊಂಬತ್ತು ಮುಕ್ಕಾಲು!” ಪಕ್ಕದ ಮೇಜಿನವಳು ಚೀರಿದಳು.

ಅಂಕಿ ಇಳಿದರೆ ಮೊದಲು ಸ್ಥಾವರಕ್ಕೆ ಫೋನ್ ಮಾಡುವುದು ನಮ್ಮ ಕೊಠಡಿಯ ಹಳೆಯ ರೂಢಿ. ನನ್ನ ಹಾಳು ಕೈ ತಾನಾಗಿ ಗುಂಡಿ ಒತ್ತಿಬಿಟ್ಟಿತು!

“ಹೇಳು ಪುಟ್ಟಿ,” ಎಂದರು ಅಪ್ಪ, ಬಾಯ್ಲರಿನ ಮೊರೆತದ ನಡುವಿನಿಂದ.

“ಅಪ್ಪಾ, ಇಳೀತಾ ಇದೆ...”

“ನಂಗೂ ಕಾಣ್ತಿದೆ. ಬೆಟ್ಟದ ಮೇಲೆ ಕರೆಂಟಿಗೇ ಅಂತ ನೀರು ತುಂಬಿಸಿಟ್ಟಿದೀರಲ್ಲ, ಬಿಟ್ಯಾ?”

“ಇನ್ನೂ ಇಲ್ಲ. ಅದೂ ಸಾಲ್ದೇ ಹೋದ್ರೆ?”

“ಬಿಟ್ಟು ನೋಡ್ದೆ ನನ್ನ ಕೇಳ್ತೀಯಲ್ಲೇ ಕತ್ತೆ! ಮೂವತ್ತು ವರ್ಷ ಈ ಮಸಿ ನುಂಗಿದೀನಿ. ನನ್ನ ಕೈಲಿ ಇನ್ನೊಂದ್ಸಲ ಹಚ್ಚಿಸ್ಬೇಡ. ಇಡು ಫೋನು!”

ಅವರೇ ಇಟ್ಟುಬಿಟ್ಟರು. ನಾನು ಬೆಟ್ಟದ ಬುಡದ ಆರೂ ಟರ್ಬೈನುಗಳಿಗೆ ಒಟ್ಟಿಗೇ ನೀರು ಬಿಡಿಸಿದೆ. ಅಂಕಿ ಇನ್ನೊಂಚೂರು ಜಾರಿತು, ನಿಂತಿತು, ಆಮೇಲೆ ನಿಧಾನವಾಗಿ ಏರತೊಡಗಿತು. ಗಡಿಯಾರ ಹನ್ನೆರಡು ಹೊಡೆದಾಗ ಸರಿಯಾಗಿ ಐವತ್ತು! ಕೊಠಡಿಗೆ ಕೊಠಡಿಯೇ ಎದ್ದು ಕುಣಿಯಿತು. ನಾನೂ ಕುಣಿದೆ, ನನಗೇನು ಕಡಿಮೆ? ಕುಣಿಯುತ್ತಲೇ ಮತ್ತೆ ಗುಂಡಿ ಒತ್ತಿದೆ.

“ಅಪ್ಪಾ, ಗೆದ್ವಿ! ಕೇಳಿಸ್ತಾ? ಗೆದ್ವೀ!”

“ಯಾಕೆ ಹಾಗೆ ಕಿರುಚ್ತೀಯೇ ಪುಟ್ಟಿ? ಬಾಯ್ಲರ್ ಆರಿಸ್ಬಿಟ್ಟೆ. ಇನ್ಮೇಲೆ ಮೆತ್ತಗೆ ಮಾತಾಡಿದ್ರೂ ನಂಗೆ ಕೇಳ್ಸುತ್ತೆ.”