ಬಂಡೆಯ ಮೇಲಿನ ಕಚ್ಚು

ಮಸ್ಕಿಯ ಆಚೆ, ಗುಡ್ಡದ ಬುಡದ ಕೆರೆಯ ಗಡಿ ಗುರುತಿಸಲು ಸರ್ವೆಯವರು ಬಂದಾಗ ಊರವರು ನರಸಣ್ಣನ ಕಡೆ ಕೈ ತೋರಿಸಿದರು. ಕೆರೆ ತುಂಬಿದ ವರ್ಷ, ನೀರು ಮುಟ್ಟಿದ ಕಡೆ ಬಂಡೆಗೆ ಉಳಿಯಿಂದ ಕಚ್ಚು ಹೊಡೆಯುವುದು ಕೆರೆಯ ನೀರು ನೋಡಿಕೊಳ್ಳುವ ಅವನ ನೀರಗಂಟಿ ಮನೆತನದ ಕೆಲಸ. ಎಲ್ಲಕ್ಕಿಂತ ಮೇಲಿನ ಕಚ್ಚು ಎಲ್ಲಿಯೋ ಅಲ್ಲಿಯವರೆಗೂ ಕೆರೆ. ಆ ಕಚ್ಚುಗಳು ಎಲ್ಲಿವೆಯೆಂದು ಈಗ ಬಲ್ಲವನು ಅವನೊಬ್ಬನೇ. ಕಾಲುವೆ ನೀರು ಬಂದ ಮೇಲೆ ಕೆರೆಯನ್ನು ಕೇಳುವವರಿರಲಿಲ್ಲ. ಹೂಳು ತುಂಬಿ ನೆಲವಾದ ಅಂಚಿನಲ್ಲಿ ನರಸಣ್ಣನೇ ಎರಡು ಕೋಣೆ ಕಟ್ಟಿಕೊಂಡಿದ್ದ.

“ಕೆಳಗಿನ ಕಚ್ಚು ತೋರಿಸಿ ಬರ್ರಿ, ಮನಿ ಉಳಿತೈತಿ,” ಎಂದಳು ಹೆಂಡತಿ ಮುದುಕಮ್ಮ. “ಮ್ಯಾಲಿಂದು ಮುಳ್ಳಕಂಟಿಯಾಗ ಮುಚ್ಚಿ ಹೋಗೈತಿ. ಯಾರು ನೋಡ್ಯಾರ?”

ಮೊಣಕಾಲು ಹಿಡಿದುಕೊಂಡು, ನಿಂತು ನಿಂತು ಅವನು ಗುಡ್ಡ ಹತ್ತಿದ. ಕೆಳಗಿನ ಕಚ್ಚು ಸಿಕ್ಕಿತು.

“ಇದ ಎಲ್ಲಾಕಿಂತ ಮ್ಯಾಲಿಂದೇನ್ರೀ ಕಾಕಾ?” ಜೊತೆಗೆ ಹತ್ತಿ ಬಂದ ಸರ್ವೆಯ ಭಾರತಿ ಗುರುತು ಹಾಕಲು ಬಣ್ಣದ ಡಬ್ಬಿ ತೆರೆದಳು.

ಹೂಂ ಎಂದರೆ ಮುಗಿಯುತ್ತಿತ್ತು. ನರಸಣ್ಣ ಬಂಡೆಗೆ ಒರಗಿ ಕುಳಿತ. ಮೇಲಿನ ಕಚ್ಚು ಹೊಡೆದ ದಿನ ಅಪ್ಪನಿಗೆ ಉಳಿ ಹಿಡಿದು ನಿಂತವನು ಅವನೇ. ಸುತ್ತಿಗೆ ತಪ್ಪಿ ಬಡಿದ ಹೆಬ್ಬೆರಳ ಉಗುರು ಇಂದಿಗೂ ಸೊಟ್ಟಗೇ ಬೆಳೆಯುತ್ತಿತ್ತು. ಅದನ್ನು ಸವರಿಕೊಂಡ.

“ಇಲ್ಲವ್ವಾ,” ಎಂದು ಎದ್ದ. “ಇನ್ನೂ ಮ್ಯಾಲೈತಿ.”

ಸಂಜೆಗೆ ಸುಣ್ಣದ ಗೆರೆ ಅವನ ಮನೆಯನ್ನು ಕೆರೆಯೊಳಗೆ ಸೇರಿಸಿಕೊಂಡು ಹಿತ್ತಲಿನ ಆಚೆ ಹಾದುಹೋಯಿತು. ಮುದುಕಮ್ಮ ಗೆರೆಯನ್ನು ನೋಡಿದಳು, ಗಂಡನ ಕಾಲಿಗೆ ಹತ್ತಿದ ಮುಳ್ಳುಗೀರುಗಳನ್ನು ನೋಡಿದಳು.

“ಕೈಕಾಲು ತೊಳ್ಕೊರಿ,” ಎಂದಳು. “ಕೆರಿಯಾಗ ಕುಂತು ಉಣ್ಣಾಕ ಬರ್ರಿ.”